ಪಡೆಯದ ಸಾಲ, ಮುಗಿಯದ ವಾಯ್ದೆ



‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯನ್ನು ನಮ್ಮ ಕಡೆ ಕೇಳದವರಿಲ್ಲ. ಯಾರಿಗಾದರೂ ಕೋರ್ಟಿನ ಸಮನ್ಸು ಬಂತೆಂದು ಗೊತ್ತಾದರೆ ಸಾಕು, ಹತ್ತಿರದವರು ಮೊದಲು ಹೇಳುವ ಬುದ್ಧಿಮಾತು ಇದು. ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ನನಗೆ ಈ ಗಾದೆಯ ಮೇಲೆ ಸಿಟ್ಟಿದೆ. ಯಾಕೆಂದರೆ ಸುಳ್ಳು ದಾವೆ ಹೂಡುವವನು ನಂಬುವುದು ಇದನ್ನೇ. ಎದುರಿನವನು ಮರ್ಯಾದೆಗೆ ಅಂಜುವವನು, ನಾಲ್ಕು ವಾಯ್ದೆ ಕಳೆಯುವಷ್ಟರಲ್ಲಿ ಬೇಸತ್ತು ಅರ್ಧ ಹಣಕ್ಕಾದರೂ ಒಪ್ಪಿಕೊಳ್ಳುತ್ತಾನೆ ಎಂಬ ಲೆಕ್ಕ ಅವನದು. ಸಾಕ್ಷ್ಯ ಗಟ್ಟಿ ಇರಬೇಕೆಂದೇನೂ ಇಲ್ಲ, ಮೊಕದ್ದಮೆ ಎಳೆದರೆ ಸಾಕು. ವಿಳಂಬವೇ ಅವನ ಬಂಡವಾಳ.

ಇಂಥ ಒಂದು ದಾವೆಯಲ್ಲಿ ನಾನು ಪ್ರತಿವಾದಿಯಾಗಿದ್ದೆ. ಇವತ್ತಿನ ಮಾತು ಅದರ ಕುರಿತು.

ನಮ್ಮ ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ವ್ಯಾಪಾರ ನಡೆಯುವುದು ಉದ್ರಿಯ ಮೇಲೆ. ಗಂಗೊಳ್ಳಿಯ ಬಂದರಿನಲ್ಲಿ ಬೋಟಿಗೆ ಡೀಸೆಲು, ಮಂಜುಗಡ್ಡೆ, ಬಲೆ ಎಲ್ಲ ಮೊದಲು ಬರುತ್ತದೆ, ಹಣ ಮೀನು ಮಾರಿದ ಮೇಲೆ. ಗೇರುಬೀಜದ ಕಾರ್ಖಾನೆಗಳಲ್ಲೂ ಹಾಗೆ, ಹಂಚಿನ ವ್ಯಾಪಾರದಲ್ಲೂ ಹಾಗೆ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಲ್ಲುವುದರಿಂದ ಬಣ್ಣ, ಕಬ್ಬಿಣದ ಅಂಗಡಿಯವರು ಸಗಟು ವ್ಯಾಪಾರಿಯ ಬಾಕಿಯನ್ನು ದಸರೆಯ ತನಕ ಎಳೆದು, ದೀಪಾವಳಿಗೆ ಚುಕ್ತಾ ಮಾಡುವುದು ರೂಢಿ. ಬಾಯಿಮಾತೇ ಒಪ್ಪಂದ, ಫೋನೇ ಆರ್ಡರು. ಸರಕು ಇಳಿಸಿಕೊಂಡ ಹುಡುಗ ಗೀಚಿದ ಸಹಿಯೇ ರಶೀದಿ. ಈ ನಂಬಿಕೆ ಇಲ್ಲದಿದ್ದರೆ ಕರಾವಳಿಯ ಸಣ್ಣ ವ್ಯಾಪಾರ ಒಂದು ದಿನವೂ ನಡೆಯದು. ಸುಳ್ಳು ಹೇಳಬೇಕೆಂದು ಹೊರಟವನಿಗೆ ದಾರಿ ಸಿಗುವುದೂ ಇಲ್ಲಿಂದಲೇ.

ಬೈಂದೂರಿನ ಕಡೆ ನಮ್ಮದು ಬಣ್ಣ, ಹಾರ್ಡ್‌ವೇರ್ ಅಂಗಡಿ. ಹೊರ ಊರಿನ ಒಂದು ಸಗಟು ಸಂಸ್ಥೆಯಿಂದ ಕೆಲವು ವರ್ಷ ಸರಕು ತರಿಸುತ್ತಿದ್ದೆವು. ದರದ ವಿಷಯದಲ್ಲಿ ಮನಸ್ತಾಪ ಬಂದು, 2017ರ ಮಾರ್ಚ್ ಕೊನೆಗೆ ಬಾಕಿ ಪೂರ್ತಿ ಚೆಕ್ಕಿನಲ್ಲಿ ಕೊಟ್ಟು ಲೆಕ್ಕ ಮುಗಿಸಿದೆವು. ಎರಡೂವರೆ ವರ್ಷ ಯಾವ ಮಾತೂ ಇರಲಿಲ್ಲ. 2019ರ ಕೊನೆಯಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ವಕೀಲರ ನೋಟಿಸು ಬಂತು. 2017ರ ಮೇ ತಿಂಗಳಿನಲ್ಲಿ ಎರಡು ಬಿಲ್ಲಿನ ಸರಕು ನಮಗೆ ಮುಟ್ಟಿದೆಯಂತೆ, ಹಣ ಬಂದಿಲ್ಲವಂತೆ, ಶೇ. 18ರ ಬಡ್ಡಿ ಸೇರಿಸಿ ಕೊಡಬೇಕಂತೆ.

ಅಂಥ ನೋಟಿಸು ಕೈಗೆ ಬಂದಾಗ ‘ನಾವು ತೆಗೆದುಕೊಂಡೇ ಇಲ್ಲ, ಉತ್ತರ ಯಾಕೆ?’ ಎಂದು ಮಡಚಿ ಇಡುವವರೇ ಹೆಚ್ಚು. ಅದು ತಪ್ಪು. ಎಷ್ಟು ದೊಡ್ಡ ತಪ್ಪು ಎಂಬುದಕ್ಕೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಇದೆ: ರಂಗಪ್ಪ ವಿರುದ್ಧ ಶ್ರೀ ಮೋಹನ್. ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸುವಾಗ ಎಂಜಿನಿಯರರಿಂದ 1998ರಲ್ಲಿ 45,000 ರೂಪಾಯಿ ಕೈಗಡ ಪಡೆದರೆಂಬ ಆರೋಪ. ತೀರುವಳಿಗೆ ಕೊಟ್ಟದ್ದೆಂದು ಹೇಳಲಾದ ಚೆಕ್ಕು ವಾಪಸಾಗಿತ್ತು. ಕಳೆದುಹೋದ ಖಾಲಿ ಚೆಕ್ಕದು ಎಂದು ಆರೋಪಿ ವಾದಿಸಿದರು. ತಾಲೂಕಿನ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 2010ರ ಮೇ 7ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಚೆಕ್ಕಿಗೆ ಸಹಿ ಇದ್ದರೆ ಸಾಲ ಇತ್ತೆಂದೇ ಕಾನೂನು ಊಹಿಸುತ್ತದೆ, ಆ ಊಹೆಯನ್ನು ಕಳಚುವ ಹೊಣೆ ಸಹಿ ಹಾಕಿದವನದು ಎಂದಿತು. ಶಾಸನದ ಪ್ರಕಾರ ಬಂದ ನೋಟಿಸಿಗೆ ಆರೋಪಿ ಉತ್ತರವನ್ನೇ ಕೊಡದಿದ್ದದ್ದು ಅವರ ವಿರುದ್ಧ ತೂಗಿದ ಸಂಗತಿಗಳಲ್ಲೊಂದು. ಸರಕಿನ ಹಣದ ಸಿವಿಲ್ ದಾವೆಯಲ್ಲಿ ಚೆಕ್ಕಿನಂಥ ಊಹೆ ಇಲ್ಲ. ಆದರೂ ಮೌನವನ್ನು ಎದುರು ಪಕ್ಷದವರು ಒಪ್ಪಿಗೆ ಎಂದೇ ವಾದಿಸುತ್ತಾರೆ.

ನಾವು ಉತ್ತರ ಕೊಟ್ಟೆವು. ಲೆಕ್ಕ ಮಾರ್ಚಿನಲ್ಲೇ ಮುಗಿದಿದೆ, ಮೇ ತಿಂಗಳಿನಲ್ಲಿ ಯಾವ ಸರಕೂ ಬಂದಿಲ್ಲ, ಬಿಲ್ಲಿನ ಪ್ರತಿ ಕಳುಹಿಸಿ ಎಂದು. ಪ್ರತಿ ಬರಲಿಲ್ಲ. 2020ರ ಫೆಬ್ರುವರಿಯಲ್ಲಿ ದಾವೆಯೇ ಬಂತು. ಮಾರಿದ ಸರಕಿನ ಹಣಕ್ಕೆ ಮೂರು ವರ್ಷದೊಳಗೆ ದಾವೆ ಹಾಕಬೇಕೆಂದು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ಆ ಮೂರು ವರ್ಷ ತುಂಬಲು ಕೆಲವೇ ತಿಂಗಳು ಉಳಿದಿದ್ದವು. ಕೇಳಿದ ಮೊತ್ತವನ್ನೂ ಗಮನಿಸಬೇಕು. ಬಡ್ಡಿ ಸೇರಿ ಮೂರು ಲಕ್ಷಕ್ಕೆ ತುಸು ಕೆಳಗೆ ನಿಂತಿತ್ತು. ವ್ಯಾಪಾರಿಗಳ ನಡುವಿನ ತಗಾದೆ ಮೂರು ಲಕ್ಷ ಮುಟ್ಟಿದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಒಳಪಡುತ್ತದೆ. ಅಲ್ಲಿ ತುರ್ತು ಪರಿಹಾರ ಬೇಡದ ದಾವೆಯಾದರೆ ಹೂಡುವ ಮೊದಲೇ ಮಧ್ಯಸ್ಥಿಕೆಗೆ ಹೋಗಬೇಕು, ಗಡುವುಗಳೂ ಬಿಗಿ. ಅದರ ಕೆಳಗೆ ಉಳಿದರೆ ಮಾಮೂಲಿ ಸಿವಿಲ್ ದಾರಿ. ಇದು ಬೇಕೆಂದೇ ಮಾಡಿದ್ದೋ ಗೊತ್ತಿಲ್ಲ. ಆದರೆ ಈ ಮೂರು ಲಕ್ಷದ ಗೆರೆಗೆ ಮುಂದೆ ನಾನು ಮತ್ತೆ ಬರಬೇಕಾಗುತ್ತದೆ.

ಆಗ ನಮ್ಮ ಕಡೆಯವರಿಗೆಲ್ಲ ಕುಂದಾಪುರದ ಕೋರ್ಟೇ. ಶಿರೂರಿನಿಂದ ಬರುವವರೂ ಮರವಂತೆ, ತ್ರಾಸಿ ದಾಟಿ ಶಾಸ್ತ್ರಿ ಸರ್ಕಲಿನಲ್ಲಿ ಬಸ್ಸಿಳಿಯಬೇಕು. ಅಮೀನರು ಸಮನ್ಸನ್ನು ಅಂಗಡಿಗೇ ತಂದು, ಗಿರಾಕಿಗಳ ಎದುರಿನಲ್ಲಿ ಸಹಿ ಹಾಕಿಸಿಕೊಂಡು ಹೋದರು. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ‘ಅವ್ರದ್ದ್ ಕೋರ್ಟಲ್ಲಿತ್ತಂಬ್ರ್ ಕಾಣಿ’ ಎಂಬ ಮಾತು ಎಷ್ಟು ಬೇಗ ಹರಡುತ್ತದೆ ಎಂಬುದು ಊರಿನಲ್ಲಿ ಅಂಗಡಿ ಇಟ್ಟವರಿಗೆ ಗೊತ್ತು. ಸಾಲ ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ. ಬೇರೆ ಸಗಟು ವ್ಯಾಪಾರಿಗಳು ಮೊದಲು ಹಣ, ಆಮೇಲೆ ಸರಕು ಎನ್ನತೊಡಗಿದರು. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ನವೀಕರಿಸುವ ಅರ್ಜಿಯಲ್ಲಿ ‘ನಿಮ್ಮ ಮೇಲೆ ಯಾವುದಾದರೂ ಮೊಕದ್ದಮೆ ಇದೆಯೇ’ ಎಂಬ ಸಾಲಿಗೆ ಪ್ರತಿ ವರ್ಷ ‘ಹೌದು’ ಎಂದು ಬರೆಯಬೇಕಾಯಿತು. ಆ ಒಂದು ಪದ ಬರೆಯುವಾಗ ಆಗುತ್ತಿದ್ದ ಸಂಕಟ ದಾವೆಯ ಮೊತ್ತಕ್ಕಿಂತ ದೊಡ್ಡದು.

ಸಮನ್ಸಿನ ಜೊತೆ ದಾವೆಯ ಪ್ರತಿ, ಎರಡು ಬಿಲ್ಲುಗಳ ಪ್ರತಿ, ವಾದಿಯ ಲೆಡ್ಜರಿನ ಒಂದು ಪುಟದ ಪ್ರತಿ ಇದ್ದವು. ಆ ರಾತ್ರಿ ಊಟ ಮುಗಿಸಿ, ಹಳೆಯ ಫೈಲಿನಿಂದ ಅದೇ ಸಂಸ್ಥೆಯ ನಿಜವಾದ ಬಿಲ್ಲುಗಳನ್ನು ತೆಗೆದು ಪಕ್ಕ ಪಕ್ಕ ಹರಡಿಕೊಂಡು ಕೂತೆ. ಮಾರ್ಚ್ ತಿಂಗಳ ನಮ್ಮ ಬಿಲ್ಲಿನ ತಲೆಯಲ್ಲಿ ವ್ಯಾಟ್‌ನ ಟಿನ್ ಸಂಖ್ಯೆ, 29ರಿಂದ ಶುರುವಾಗುವ ಹನ್ನೊಂದು ಅಂಕಿ. ಕೆಳಗೆ ವ್ಯಾಟ್ ಶೇ. 14.5. ಮೇ ತಿಂಗಳದ್ದೆಂದು ಅವರು ಹಾಜರುಪಡಿಸಿದ ಬಿಲ್ಲಿನ ತಲೆಯಲ್ಲಿ ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆ. ಬಲಗಡೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಮುದ್ರಿಸಿದ ಎರಡು ಕಾಲಂ. ಎರಡನ್ನೂ ಖಾಲಿ ಬಿಟ್ಟು, ಕೆಳಗೆ ಒಟ್ಟು ಮೊತ್ತ ಮಾತ್ರ ಬರೆದಿದ್ದರು. ದೇಶದಲ್ಲಿ ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಮೇ ತಿಂಗಳಲ್ಲಿ ಆ ತೆರಿಗೆಯೇ ಇರಲಿಲ್ಲ. ಆಮೇಲೆ ಮುದ್ರಿಸಿದ ಪುಸ್ತಕದಲ್ಲಿ ಹಿಂದಿನ ತಾರೀಕು ಹಾಕಿ ಬರೆದಿದ್ದರು.

ಮರುದಿನ ಬೆಳಿಗ್ಗೆಯೇ ವಕೀಲರ ಕಚೇರಿಗೆ ಓಡಿದೆ. ಅವರು ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದರು. ‘ಕಾಣಿ, ಇದನ್ನ್ ಈಗ ಯಾರ ಹತ್ರವೂ ಬಾಯಿ ಬಿಡ್ಬೇಡಿ’ ಎಂದರು. ಪ್ರತಿವಾದ ಪತ್ರದಲ್ಲಿ ‘ಬಿಲ್ಲುಗಳು ದಾವೆಗಾಗಿ ಸೃಷ್ಟಿಸಿದವು, ದಾವೆ ಸುಳ್ಳೆಂಬುದು ವಾದಿಗೇ ಗೊತ್ತಿದೆ’ ಎಂದಷ್ಟೇ ಬರೆದರು. ಜಿಎಸ್‌ಟಿಯ ಮಾತು ಪಾಟೀಸವಾಲಿಗೆ ಮೀಸಲು. ಈಗಲೇ ಹೇಳಿದರೆ ವಾದಿಯ ಕಡೆಯವರು ಬೇರೊಂದು ಕಾಗದ ತಯಾರಿಸಿಕೊಂಡು ಬರುತ್ತಾರೆ ಎಂಬುದು ಅವರ ಅನುಭವ.

ದಾವೆಯ ಅತಿ ಕಷ್ಟದ ಭಾಗ ನನಗೆ ಇದೇ. ಸುಳ್ಳನ್ನು ಒಂದೇ ಮಾತಿನಲ್ಲಿ ಒಡೆಯುವ ಸಾಕ್ಷ್ಯ ಕಬ್ಬಿಣದ ಕಪಾಟಿನಲ್ಲಿದೆ, ಆದರೆ ಅದನ್ನು ಹೇಳುವ ಸರದಿ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ಪೇಟೆಯಲ್ಲಿ ಯಾರೋ ‘ಎಂತಾಯ್ತ್ ನಿಮ್ಮ ಕೇಸ್?’ ಎಂದು ಕೇಳಿದಾಗ ‘ನಡೀತಾ ಇತ್ತ್’ ಎಂದಷ್ಟೇ ಹೇಳಿ ಸುಮ್ಮನಾಗಬೇಕು. ಆ ಸರದಿಗೆ ವರ್ಷಗಳೇ ಹಿಡಿದವು.

ಮೊದಲ ವಾಯ್ದೆ ಬಂದದ್ದು 2020ರ ಮಾರ್ಚ್ ಕೊನೆಗೆ. ಅಷ್ಟರಲ್ಲಿ ಕೊರೋನಾ ಬಂದು ಇಡೀ ದೇಶವೇ ಬಾಗಿಲು ಹಾಕಿತು. ಆ ವರ್ಷ, ಮರುವರ್ಷ ಕೋರ್ಟಿನ ಕೆಲಸ ಅರ್ಧಂಬರ್ಧ. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರ ತನಕದ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದಲೇ ಸುಪ್ರೀಂ ಕೋರ್ಟು ಹೊರಗಿಟ್ಟಿತು. ಅದು ನ್ಯಾಯವಾದದ್ದೇ, ರೋಗದ ಕಾಲದಲ್ಲಿ ಯಾರೂ ಹಕ್ಕು ಕಳೆದುಕೊಳ್ಳಬಾರದು. ಆದರೆ ಈ ವಿನಾಯಿತಿಯಿಂದ ಹಳೆಯ ಕಾಗದಗಳಿಗೂ ಮತ್ತೆ ಜೀವ ಬಂತು ಎಂಬುದನ್ನು ವ್ಯಾಪಾರಿಗಳು ಮರೆಯಬಾರದು. 2018, 19ರ ಬಿಲ್ಲುಗಳನ್ನು ಮೂರು ವರ್ಷ ಆಯಿತೆಂದು ಹರಿದು ಹಾಕಿದವರು ಸಿಕ್ಕಿಬಿದ್ದದ್ದುಂಟು. ಇನ್ನೊಂದು ಎಚ್ಚರ: ಮಾರ್ಚ್ ಬಂತೆಂದರೆ ಕೆಲವು ಸಂಸ್ಥೆಗಳು ಬಾಕಿಯ ದೃಢೀಕರಣ ಪತ್ರ ಕಳುಹಿಸಿ ‘ಆಡಿಟ್‌ಗೆ ಬೇಕು, ಸಹಿ ಹಾಕಿ ಕೊಡಿ’ ಎನ್ನುತ್ತವೆ. ಕಾಲಮಿತಿ ಮುಗಿಯುವ ಮೊದಲು ಹಾಗೆ ಬರವಣಿಗೆಯಲ್ಲಿ ಒಪ್ಪಿಕೊಂಡರೆ ಸಾಲಕ್ಕೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ನಿಮ್ಮ ಪುಸ್ತಕದ ಮೊತ್ತಕ್ಕೆ ಅದು ತಾಳೆಯಾಗದಿದ್ದರೆ ಸಹಿ ಹಾಕಬೇಡಿ.

ಕೊರೋನಾ ಕಳೆದ ಮೇಲೆ ಬೇರೆ ಕಾರಣಗಳು. ವಿವಾದಾಂಶ ಬರೆದ ನ್ಯಾಯಾಧೀಶರಿಗೆ ವರ್ಗವಾಯಿತು, ಹೊಸಬರು ಬರುವ ತನಕ ಕುರ್ಚಿ ಖಾಲಿ. ಬೇಸಿಗೆ ರಜೆ, ದಸರೆ ರಜೆ. ವಾದಿಯ ಲೆಕ್ಕಪತ್ರ ನೋಡುವವರಿಗೆ ಒಂದು ಸಲ ಜ್ವರ, ಇನ್ನೊಂದು ಸಲ ಮನೆಯಲ್ಲಿ ಮದುವೆ. ಮತ್ತೊಂದು ಸಲ ಅವರು ಬಂದರು, ಅವರ ವಕೀಲರು ಬರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತು, ಹೆಸರು ಕೂಗಿದಾಗ ಒಳಗೆ ಹೋಗಿ ಕೈಮುಗಿದು ನಿಂತರೆ, ‘ಮುಂದಿನ ತಿಂಗಳು’ ಎಂಬ ಎರಡು ಪದಕ್ಕೆ ದಿನ ಮುಗಿಯುತ್ತಿತ್ತು. ಅಂಗಡಿಯಲ್ಲಿ ತಮ್ಮ ಒಬ್ಬನೇ. ಮಳೆಗಾಲದಲ್ಲಿ ಮರವಂತೆಯ ಹತ್ತಿರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ತುಂಬಿ ನಿಂತದ್ದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ, ಇದು ಇನ್ನೆಷ್ಟು ಮಳೆಗಾಲ ಎಂದುಕೊಂಡದ್ದಿದೆ.

ಕಾನೂನಿನಲ್ಲಿ ಇದಕ್ಕೆ ಮದ್ದಿಲ್ಲವೆಂದಲ್ಲ. ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ವಾಯ್ದೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ತಡ ಮಾಡಿದವನಿಂದ ಖರ್ಚು ಕಟ್ಟಿಸಿ, ಕಟ್ಟದಿದ್ದರೆ ಅವನ ದಾವೆಯನ್ನು ಮುಂದುವರಿಸದಂತೆ ತಡೆಯುವ ಅಧಿಕಾರವೂ 35-ಬಿ ಕಲಮಿನಲ್ಲಿದೆ. ಆದರೆ ಮೂರು ವಾಯ್ದೆಯ ನಿಯಮ ಎಲ್ಲ ಸಂದರ್ಭಕ್ಕೂ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2005ರಲ್ಲಿ ವ್ಯಾಖ್ಯಾನಿಸಿತು. ದಿನದ ಪಟ್ಟಿಯಲ್ಲಿ ಅಷ್ಟೊಂದು ಪ್ರಕರಣ ಇರುವಾಗ ಯಾರ ಮೂರನೆಯ ವಾಯ್ದೆ ಎಂದು ಎಣಿಸುತ್ತಾ ಕೂರುವುದಕ್ಕೂ ಪುರುಸೊತ್ತು ಬೇಕು. ಹತ್ತು ಲಕ್ಷ ಜನರಿಗೆ ಐವತ್ತು ನ್ಯಾಯಾಧೀಶರಾದರೂ ಬೇಕೆಂದು ಕಾನೂನು ಆಯೋಗ 1987ರಲ್ಲೇ ಶಿಫಾರಸು ಮಾಡಿತ್ತು. ಇವತ್ತಿಗೂ ಅದರ ಅರ್ಧವನ್ನು ನಾವು ಮುಟ್ಟಿಲ್ಲ. ದೇಶದ ಜಿಲ್ಲಾ, ತಾಲೂಕು ಕೋರ್ಟುಗಳಲ್ಲಿ ನಾಲ್ಕು ಕೋಟಿಗೂ ಮೀರಿ ಪ್ರಕರಣಗಳು ಬಾಕಿ. ಹಾಗಾಗಿ ನಾನು ಕುಂದಾಪುರದ ಯಾವ ನ್ಯಾಯಾಧೀಶರನ್ನೂ ದೂರುವುದಿಲ್ಲ. ಸಂಜೆ ಐದೂವರೆಗೂ ಫೈಲು ತಿರುಗಿಸುತ್ತಿದ್ದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ರಾಜಿಯ ಮಾತೂ ಬಂತು. ಲೋಕ ಅದಾಲತ್ತಿನ ಹಿಂದಿನ ವಾರ ವಾದಿಯ ಕಡೆಯಿಂದ ಒಬ್ಬರು ಮಧ್ಯಸ್ಥರು ಬಂದು, ಬಡ್ಡಿ ಬೇಡ, ಅಸಲಿನಲ್ಲಿ ಅರ್ಧ ಕೊಟ್ಟು ಮುಗಿಸಿಕೊಳ್ಳಿ, ವಕೀಲರಿಗೆ ಕೊಡುವುದಕ್ಕಿಂತ ಲಾಭ ಎಂದರು. ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿಯೇ ಇತ್ತು. ಮನೆಯಲ್ಲಿ ಅಮ್ಮನ ಹತ್ತಿರ ಹೇಳಿದೆ. ಅವರು ಬತ್ತಿ ಹೊಸೆಯುತ್ತಾ ಕೂತಿದ್ದವರು ತಲೆ ಎತ್ತದೆ, ‘ಮಗಾ, ತಕಂಡದ್ದ್ ಹೌದಾರೆ ನನ್ನ ಬಳಿ ಮಾರಿಯಾರೂ ಕೊಡ್. ತಕಣದಿರೆ ಒಂದ್ ಪೈಸೆ ಕೊಡುಕಾಗ’ ಎಂದರು. ಮತ್ತೆ ಆ ವಿಷಯ ಮನೆಯಲ್ಲಿ ಬರಲಿಲ್ಲ.

ರಾಜಿಗೆ ನಾನು ವಿರೋಧಿಯಲ್ಲ. ಲೋಕ ಅದಾಲತ್ತಿನ ತೀರ್ಮಾನದ ಮೇಲೆ ಅಪೀಲಿಲ್ಲ, ವಾದಿ ಕಟ್ಟಿದ ಕೋರ್ಟು ಶುಲ್ಕ ವಾಪಸು ಸಿಗುತ್ತದೆ, ಎರಡು ಮನೆಗಳ ನಡುವೆ ಮಾತು ಉಳಿಯುತ್ತದೆ. ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದದ್ದೇ ಒಂದು ವ್ಯಾಪಾರದ ಬಾಕಿಯ ದಾವೆಗಾಗಿ. ದಾದಾ ಅಬ್ದುಲ್ಲಾ ಎಂಬ ವರ್ತಕರು ತಮ್ಮ ಸಂಬಂಧಿಕರೇ ಆದ ತೈಯಬ್ ಸೇಠರ ಮೇಲೆ 40,000 ಪೌಂಡಿಗೆ ಹೂಡಿದ ದಾವೆ ಅದು. ಪ್ರಕರಣ ಅರ್ಥವಾಗಲೆಂದು ಗಾಂಧೀಜಿ ಜಮಾಖರ್ಚು ಬರೆಯುವ ಪುಸ್ತಕ ತಂದು ಓದಿ ಕಲಿತರು. ಹೀಗೇ ಬಿಟ್ಟರೆ ಎರಡೂ ಕಡೆಯವರು ಮುಳುಗುತ್ತಾರೆಂದು ಕಂಡು ಪಂಚಾಯಿತಿಗೆ ಒಪ್ಪಿಸಿದರು. ತೈಯಬ್ ಸೇಠರು 37,000 ಪೌಂಡು ಮತ್ತು ಖರ್ಚು ಕೊಡಬೇಕೆಂದಾಯಿತು. ಒಂದೇ ಗಂಟಿಗೆ ಕೊಟ್ಟರೆ ಆ ಮನುಷ್ಯ ದಿವಾಳಿಯಾಗುತ್ತಾನೆಂದು, ತಮ್ಮ ಕಕ್ಷಿದಾರರನ್ನೇ ಒಪ್ಪಿಸಿ ದೀರ್ಘ ಕಂತು ಮಾಡಿಸಿಕೊಟ್ಟರು. ಆದರೆ ಅಲ್ಲಿ ವ್ಯವಹಾರ ನಡೆದದ್ದು ನಿಜ, ಬಾಕಿಯೂ ನಿಜ. ತಗಾದೆ ಇದ್ದದ್ದು ಎಷ್ಟು ಎಂಬುದರಲ್ಲಿ. ಅಂಥ ಕಡೆ ರಾಜಿಯೇ ಧರ್ಮ. ವ್ಯವಹಾರವೇ ನಡೆಯದ ಕಡೆ ಅರ್ಧ ಹಣ ಕೊಟ್ಟರೆ ಅದಕ್ಕೆ ರಾಜಿ ಎನ್ನಲಾಗದು. ಹೀಗೆ ಕೊಟ್ಟ ದುಡ್ಡಿನಲ್ಲಿ ಅದೇ ಮನುಷ್ಯ ಬೈಂದೂರಿನಿಂದ ಬ್ರಹ್ಮಾವರದವರೆಗೆ ಇನ್ನೊಬ್ಬ ಅಂಗಡಿಯವನ ಮೇಲೆ ದಾವೆ ಹಾಕುತ್ತಾನೆ.

ಚೆಕ್ಕಿನ ವಿಷಯ ಇನ್ನೂ ಸೂಕ್ಷ್ಮ. ಬ್ರಹ್ಮಾವರದ ಕಡೆಯ ನಮ್ಮ ಬಂಧುಗಳೊಬ್ಬರು ಚೀಟಿ ಎತ್ತುವಾಗ ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕಿನ ಮೇಲೆ ಚೀಟಿ ನಡೆಸುವವರು ಮೊತ್ತ ತುಂಬಿಸಿ ಅವರ ಮೇಲೆಯೇ ಮೊಕದ್ದಮೆ ಹಾಕಿದ್ದರು. ಚೀಟಿ ಮುಗಿದ ಮೇಲೆ ಚೆಕ್ಕು ವಾಪಸು ಕೇಳುವುದಕ್ಕೆ ನಮ್ಮವರಿಗೆ ದಾಕ್ಷಿಣ್ಯ. ಅಂಥವರಿಗೆ ಧೈರ್ಯ ಕೊಡುವ ತೀರ್ಪು ಒಂದಿದೆ. ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ ಎಂಬ, ಅದೂ ಕರ್ನಾಟಕದ್ದೇ ಆದ ಪ್ರಕರಣದಲ್ಲಿ ಆರು ಲಕ್ಷ ರೂಪಾಯಿ ಕೈಗಡ ಕೊಟ್ಟೆನೆಂದು ನಿವೃತ್ತ ನೌಕರರೊಬ್ಬರು ಚೆಕ್ಕು ತೋರಿಸಿದ್ದರು. ಅಷ್ಟು ಹಣ ಕೊಡುವ ಶಕ್ತಿ ಆ ಕಾಲದಲ್ಲಿ ನಿಮಗಿತ್ತೇ, ಎಲ್ಲಿಂದ ಬಂತು ಎಂದು ಪಾಟೀಸವಾಲಿನಲ್ಲಿ ಕೇಳಿದಾಗ ಸಮಾಧಾನಕರ ಉತ್ತರ ಬರಲಿಲ್ಲ. 2019ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಶಿಕ್ಷೆಯನ್ನು ರದ್ದುಪಡಿಸಿ, ಆರೋಪಿಯನ್ನು ಬಿಟ್ಟ ಕೆಳಗಿನ ಕೋರ್ಟಿನ ತೀರ್ಪನ್ನೇ ಉಳಿಸಿತು. ಕಾನೂನಿನ ಊಹೆಯನ್ನು ಕಳಚಲು ಆರೋಪಿ ತಾನೇ ಕಟಕಟೆ ಹತ್ತಬೇಕೆಂದಿಲ್ಲ, ಫಿರ್ಯಾದಿಯ ಸಾಕ್ಷ್ಯದಿಂದಲೇ ಸಂಭವನೀಯ ಸಂಶಯ ಎತ್ತಿ ತೋರಿಸಿದರೂ ಸಾಕು ಎಂಬುದು ಆ ತೀರ್ಪಿನ ಸಾರ.

ಇನ್ನು ಲೆಡ್ಜರು. ‘ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಖರ್ಚು ಬಿದ್ದಿದೆ’ ಎಂದಾಕ್ಷಣ ಹೆದರುವವರಿದ್ದಾರೆ. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳಿತ್ತು. ವ್ಯಾಪಾರದ ಕ್ರಮದಲ್ಲಿ ಬರೆದ ಲೆಕ್ಕದ ಪುಸ್ತಕ ಸಾಕ್ಷ್ಯಕ್ಕೆ ಬರುತ್ತದೆ, ಆದರೆ ಅದೊಂದರ ಮೇಲೆಯೇ ಯಾರ ತಲೆಗೂ ಹೊಣೆ ಕಟ್ಟುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮಿನಲ್ಲೂ ಅದೇ ಇದೆ. ಅಸ್ಸಾಮಿನ ಒಂದು ಬ್ಯಾಂಕು 10,000 ರೂಪಾಯಿ ಸಾಲ ಕೊಟ್ಟೆವೆಂದು ಬರೀ ಪುಸ್ತಕ ತೋರಿಸಿದಾಗ, ಹಣ ಕೈಗೆ ಮುಟ್ಟಿದ್ದಕ್ಕೆ ಬೇರೆ ಪುರಾವೆ ಎಲ್ಲಿ ಎಂದು ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಆ ಮೊತ್ತವನ್ನು ಒಪ್ಪಲಿಲ್ಲ. ಬ್ಯಾಂಕಿಗೇ ಸಾಲದ್ದು ಸಗಟು ವ್ಯಾಪಾರಿಗೆ ಸಾಕಾಗುತ್ತದೆಯೇ?

ಕೊನೆಗೂ ಪಾಟೀಸವಾಲಿನ ದಿನ ಬಂತು. ಕಟಕಟೆಯಲ್ಲಿ ವಾದಿಯ ಲೆಕ್ಕಪತ್ರದವರು. ನಮ್ಮ ವಕೀಲರು ಅವಸರ ಮಾಡಲಿಲ್ಲ. ಬಿಲ್ಲು ಬರೆದದ್ದು ಯಾರು? ನಾನೇ. ಯಾವತ್ತು? ಬಿಲ್ಲಿನಲ್ಲಿರುವ ದಿನವೇ. ಬಿಲ್ಲಿನ ಪುಸ್ತಕ ಅಚ್ಚಾದದ್ದು ಯಾವಾಗ? ಅದಕ್ಕೂ ಮೊದಲು, ಏಪ್ರಿಲಿನಲ್ಲಿ. ಇಷ್ಟು ಉತ್ತರ ದಾಖಲಾಗುವ ತನಕ ಕಾದು, ಬಿಲ್ಲನ್ನು ಅವರ ಕೈಗೆ ಕೊಟ್ಟು, ಬಲಗಡೆಯ ಎರಡು ಕಾಲಮಿನ ತಲೆಬರಹ ಓದಿ ಎಂದರು. ಆ ಮನುಷ್ಯ ಓದಿದರು. ಓದುವಾಗಲೇ ಅವರ ದನಿ ಇಳಿಯಿತು. ಈ ತೆರಿಗೆ ಯಾವ ದಿನದಿಂದ ಜಾರಿಗೆ ಬಂತು ಎಂಬ ಪ್ರಶ್ನೆಗೆ, ಇಪ್ಪತ್ತು ವರ್ಷ ಲೆಕ್ಕ ಬರೆದವರು, ಗೊತ್ತಿಲ್ಲ ಎಂದರು. ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದ ಪೆನ್ನು ನಿಲ್ಲಿಸಿ ಒಮ್ಮೆ ಸಾಕ್ಷಿಯ ಮುಖ ನೋಡಿದರು. ವ್ಯಾಟ್ ಕಾಲದಲ್ಲಿ ಮಾರಾಟದ ವಿವರವನ್ನು ಬಿಲ್ಲುವಾರು ವಾಣಿಜ್ಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಿತ್ತು. ಮೇ ತಿಂಗಳ ಅವರ ಪಟ್ಟಿಯನ್ನೂ ಕೋರ್ಟಿನ ಮೂಲಕ ತರಿಸಿದೆವು. ಆ ಎರಡು ಬಿಲ್ಲು ಅದರಲ್ಲಿರಲಿಲ್ಲ. ಈಗಿನ ವ್ಯಾಪಾರಿಗಳಿಗೆ ಇದು ಇನ್ನೂ ಸುಲಭ. ಜಿಎಸ್‌ಟಿ ಪೋರ್ಟಲಿನಲ್ಲಿ ನಿಮ್ಮ ಹೆಸರಿಗೆ ಯಾರು ಯಾವ ಬಿಲ್ಲು ಏರಿಸಿದ್ದಾರೆಂದು ತಿಂಗಳು ತಿಂಗಳು ನೋಡಬಹುದು. ನೋಡಿ, ನಿಮ್ಮದಲ್ಲದ ಬಿಲ್ಲು ಕಂಡರೆ ಆಗಲೇ ಬರವಣಿಗೆಯಲ್ಲಿ ಆಕ್ಷೇಪಿಸಿ. ದಾವೆ ಈಗಾಗಲೇ ಬಂದಿದ್ದರೆ, ವಕೀಲರಿಗೆ ಫೀಸು ಕೊಡಲು ಕಷ್ಟವಿದ್ದರೆ, ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಫೋನು ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ವಾಯ್ದೆ ಮಾತ್ರ ತಪ್ಪಿಸಬೇಡಿ. ನೀವು ಹೋಗದ ಒಂದು ದಿನ ಏಕಪಕ್ಷೀಯ ಆದೇಶವಾದರೆ, ಅದನ್ನು ತೆಗೆಸುವುದಕ್ಕೇ ಇನ್ನೊಂದು ಅರ್ಜಿ, ಇನ್ನಷ್ಟು ತಿಂಗಳು.

2024ರಲ್ಲಿ ದಾವೆ ಖರ್ಚು ಸಹಿತ ವಜಾ ಆಯಿತು. ಅಪೀಲಿನ ಮೂವತ್ತು ದಿನ ಕಳೆದರೂ ಅವರು ಅಪೀಲು ಹಾಕಲಿಲ್ಲ. ತೀರ್ಪಿನ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟೆ, ಆ ಅರ್ಜಿಯ ಸಾಲಿಗೆ ‘ಇಲ್ಲ’ ಎಂದು ಬರೆದೆ.

ಈಗ ಮೂರು ಲಕ್ಷದ ಗೆರೆಯ ವಿಷಯ. ಸುಳ್ಳೆಂದು ಗೊತ್ತಿದ್ದೂ ದಾವೆ ಹೂಡಿದವನಿಂದ ಎದುರಿನವನಿಗೆ ಪರಿಹಾರ ಕೊಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 35-ಎ ಎಂಬ ಕಲಮಿದೆ. ದಾವೆ ಸುಳ್ಳೆಂದು ಪ್ರತಿವಾದಿ ಆರಂಭದಲ್ಲೇ ಆಕ್ಷೇಪಿಸಿರಬೇಕು. ನಮ್ಮ ವಕೀಲರು ಪ್ರತಿವಾದ ಪತ್ರದಲ್ಲಿ ಆ ಒಂದು ಸಾಲು ಬರೆದದ್ದು ಅದಕ್ಕಾಗಿಯೇ. ನ್ಯಾಯಾಧೀಶರು ಕಾನೂನು ಬಿಟ್ಟಷ್ಟನ್ನೂ ಪೂರ್ತಿ ಕೊಡಿಸಿದರು: 3,000 ರೂಪಾಯಿ. 1976ರ ತಿದ್ದುಪಡಿಯಲ್ಲಿ ಸಂಸತ್ತು ಗೊತ್ತುಮಾಡಿದ ಗರಿಷ್ಠ ಮಿತಿ ಅದು. 1976ರಲ್ಲಿ ಮೂರು ಸಾವಿರಕ್ಕೆ ತೂಕವಿತ್ತು. ಇವತ್ತು ಅದು ಬೈಂದೂರಿನಿಂದ ಬಂದು ಹೋಗುವ ಪ್ರತಿವಾದಿಯ ಬಸ್ಸಿಗೂ ಊಟಕ್ಕೂ ಸಾಲದು. ಸುಳ್ಳು ವ್ಯಾಜ್ಯದ ಹಾವಳಿ ತಗ್ಗಬೇಕಾದರೆ ನಿಜವಾದ ಖರ್ಚನ್ನು ಕಟ್ಟಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜುಲೈಯಲ್ಲಿ ರಾಮರಾಮೇಶ್ವರಿ ದೇವಿ ಪ್ರಕರಣದಲ್ಲಿ ಹೇಳಿ, ತಾನೇ ಎರಡು ಲಕ್ಷ ರೂಪಾಯಿ ಕಟ್ಟಿಸಿತು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ಈ ಮೂರು ಸಾವಿರದ ಮಿತಿ ತೀರಾ ಕಡಿಮೆ, ಏರಿಸಬೇಕು ಎಂದು ಸೂಚಿಸಿತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ತನ್ನ ವ್ಯಾಪ್ತಿಯ ದಾವೆಗಳಿಗೆ ಆ ಮಿತಿಯನ್ನೇ ತೆಗೆದುಹಾಕಿತು. ಹಾಗಾಗಿ ದೊಡ್ಡ ವರ್ತಕನ ಮೇಲೆ ಸುಳ್ಳು ದಾವೆ ಹಾಕಿದವನು ತಕ್ಕ ಬೆಲೆ ತೆರಬೇಕಾಗುತ್ತದೆ. ಮೂರು ಲಕ್ಷದ ಕೆಳಗಿನ ವ್ಯವಹಾರದವನ ಮೇಲೆ, ಅಂದರೆ ನಮ್ಮ ಊರಿನ ಬಣ್ಣದಂಗಡಿ, ಬೇಕರಿ, ಮೀನಿನ ವ್ಯಾಪಾರದವರ ಮೇಲೆ ಹಾಕಿದವನಿಗೆ ಆ ಭಯವಿಲ್ಲ.

ಇದು ಅನ್ಯಾಯ. ನಮ್ಮ ಸಂಸದರಲ್ಲಿ, ಶಾಸಕರಲ್ಲಿ, ವರ್ತಕರ ಸಂಘಗಳಲ್ಲಿ, ವಕೀಲರ ಸಂಘಗಳಲ್ಲಿ ನನ್ನ ಕೋರಿಕೆ ಒಂದೇ: ವಾಣಿಜ್ಯ ದಾವೆಗೆ ತೆಗೆದುಹಾಕಿದ ಆ ಮಿತಿಯನ್ನು ಸಣ್ಣ ವ್ಯಾಪಾರಿಯ ದಾವೆಗೂ ತೆಗೆದುಹಾಕಲು ಒತ್ತಾಯಿಸಿ. ಹೊಸ ಕಾನೂನು ಬೇಕಿಲ್ಲ, ಇರುವ ಕಲಮಿನಲ್ಲಿ ಒಂದು ಅಂಕಿ ಅಳಿಸಿದರೆ ಸಾಕು.